ಹುಳ ಮೇಯಿಸಿದವರ ಊರು

ಜಪಾನಿಗೆ ಬರುವ ಕನ್ನಡಿಗರು ನೋಡಬೇಕೆಂದು ಬರೆದುಕೊಂಡು ಬರುವ ಊರುಗಳಲ್ಲಿ ತೊಮಿಯೊಕ ಇರುವುದಿಲ್ಲ. ಫ್ಯೂಜಿ ಪರ್ವತ, ಕ್ಯೋಟೊ, ಹಿರೋಶಿಮಾ, ಹೂವಿನ ಕಾಲವಾದರೆ ಟೋಕಿಯೊದ ಉಯೆನೊ ಉದ್ಯಾನ. ಅಷ್ಟರಲ್ಲಿ ರಜೆ ಮುಗಿದಿರುತ್ತದೆ. ಆದರೆ ರಾಮನಗರ, ಕನಕಪುರ, ಶಿಡ್ಲಘಟ್ಟ, ಕೊಳ್ಳೇಗಾಲದ ಕಡೆ ಹುಟ್ಟಿ, ರೇಷ್ಮೆ ಹುಳದ ತಟ್ಟೆಗಳ ನಡುವೆ ಚಾಪೆ ಹಾಸಿಕೊಂಡು ಮಲಗಿ ಬೆಳೆದವರು ಯಾರಾದರೂ ಈ ದೇಶಕ್ಕೆ ಬಂದರೆ, ಒಂದು ದಿನವನ್ನು ಗುನ್ಮಾ ಪ್ರಾಂತ್ಯದ ಈ ಚಿಕ್ಕ ಊರಿಗೆ ಎತ್ತಿಡಲೇಬೇಕು. ನಮ್ಮ ಕಡೆಯವರಿಗೆ ಅದು ನೆಂಟರ ಊರು. ಆ ನಂಟು ಹೇಗೆ ಬೆಳೆಯಿತು ಎಂಬುದನ್ನು ನಮ್ಮಲ್ಲಿ ಹೆಚ್ಚು ಜನ ಬರೆದಿಲ್ಲ.

ನಮ್ಮ ಮನೆ ಇರುವುದು ಟೋಕಿಯೊದ ಎದೊಗಾವಾ ವಾರ್ಡಿನ ನಿಶಿಕಸಾಯ್‌ನಲ್ಲಿ. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆಂದು ಬಂದ ಭಾರತೀಯರು ಒಟ್ಟಾಗಿ ನೆಲೆನಿಂತ ಬಡಾವಣೆ ಅದು. ಕನಕಪುರದ ಕಡೆಯ ಹಳ್ಳಿಯಿಂದ ಅವ್ವ ಬಂದಿದ್ದಾಗ, ಅವಳನ್ನೂ ನನ್ನ ಮಗಳನ್ನೂ ಕರೆದುಕೊಂಡು ಬೆಳಿಗ್ಗೆ ಬೇಗ ಹೊರಟೆ. ತಕಾಸಾಕಿಯವರೆಗೆ ಶಿಂಕಾನ್ಸೆನ್‌ನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಅಲ್ಲಿಂದ ಜೋಶಿನ್ ಎಂಬ ಸಣ್ಣ ರೈಲು. 1897ರಿಂದ ಓಡುತ್ತಿರುವ ಈ ಮಾರ್ಗ ಸುಮಾರು ನಲವತ್ತು ನಿಮಿಷದಲ್ಲಿ ತೊಮಿಯೊಕ ಮುಟ್ಟಿಸುತ್ತದೆ. ಕಿಟಕಿಯಾಚೆ ಈಗ ಹೆಚ್ಚಾಗಿ ಗದ್ದೆ, ತರಕಾರಿ ತೋಟ, ಸಣ್ಣ ಕಾರ್ಖಾನೆಗಳು. ಒಂದು ಕಾಲಕ್ಕೆ ಈ ಸೀಮೆಯ ತುಂಬ ಹಿಪ್ಪುನೇರಳೆ ಇತ್ತು. ಅಲ್ಲೊಂದು ಇಲ್ಲೊಂದು ಹಳೆಯ ಮನೆಯ ಮಾಡಿನ ಮೇಲೆ ಇನ್ನೊಂದು ಪುಟ್ಟ ಮಾಡು ಕಾಣಿಸುತ್ತಿತ್ತು. ಅಟ್ಟದ ಮೇಲಿನ ಹುಳಕ್ಕೆ ಗಾಳಿಯಾಡಲೆಂದು ಕಟ್ಟಿದ್ದು. ಅವ್ವ ಅದನ್ನು ನಾನು ಹೇಳುವ ಮೊದಲೇ ಗುರುತಿಸಿದಳು. "ಅದು ಹುಳದ ಮನೇನೇ ಮಗಾ. ಉಸಿರು ಬಿಡಾಕೆ ಜಾಗ ಬಿಟ್ಟವ್ರೆ" ಎಂದಳು.

ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲೇ ರೇಷ್ಮೆ ಕಾರ್ಖಾನೆ. 1872ರಲ್ಲಿ ಜಪಾನ್ ಸರ್ಕಾರ ಕಟ್ಟಿಸಿ ಶುರುಮಾಡಿದ್ದು. 2014ರ ಜೂನ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳಗೆ ಹೋದ ಕೂಡಲೆ ಎದುರಾಗುವುದು ಪೂರ್ವದ ಗೂಡಿನ ಉಗ್ರಾಣ. ನೂರು ಮೀಟರಿಗೂ ಉದ್ದದ ಎರಡಂತಸ್ತಿನ ಕೆಂಪು ಕಟ್ಟಡ. ಬಾಗಿಲ ಕಮಾನಿನ ನಡುಗಲ್ಲಿನ ಮೇಲೆ ಮೆಯಿಜಿ 5ನೇ ವರ್ಷ, ಅಂದರೆ 1872, ಎಂದು ಕೆತ್ತಿದೆ. ಮರದ ಕಂಬ ತೊಲೆಗಳ ಚೌಕಟ್ಟು ನಿಲ್ಲಿಸಿ, ನಡುವಿನ ಗೋಡೆಯನ್ನಷ್ಟೇ ಇಟ್ಟಿಗೆಯಿಂದ ತುಂಬಿದ್ದಾರೆ. ಆಗ ಜಪಾನಿನಲ್ಲಿ ಇಟ್ಟಿಗೆ ಸುಡುವ ರೂಢಿ ಇರಲಿಲ್ಲ. ಪಕ್ಕದ ಸೈತಾಮಾ ಪ್ರಾಂತ್ಯದ ಫುಕಾಯಾದಿಂದ ಹೆಂಚು ಸುಡುವವರನ್ನು ಕರೆಸಿ, ಕಾರ್ಖಾನೆ ಕಟ್ಟಿಸಲು ಬಂದಿದ್ದ ಫ್ರೆಂಚರು ವಿವರಿಸಿದ ಪ್ರಕಾರ ಸುಡಿಸಿದರು.

ಅವ್ವನಿಗೆ ಕಟ್ಟಡದ ಅಂದಕ್ಕಿಂತ ಅದರ ಅಳತೆ ಒಗಟಾಯಿತು. "ಗೂಡು ಇಡಾಕೆ ಇಷ್ಟು ದೊಡ್ಡ ಮನೆ ಯಾಕೆ? ಗೂಡು ಇಟ್ಕಂಡು ಕೂತರೆ ಚಿಟ್ಟೆ ಹೊರಗೆ ಬರಲ್ವಾ?" ಅಂತ ಕೇಳಿದಳು. ಈ ಕಟ್ಟಡದ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ನಮ್ಮ ಮೈಸೂರು ತಳಿಯ ಹುಳಕ್ಕೆ ಕಾಲದ ಹಂಗಿಲ್ಲ. ಮೊಟ್ಟೆ ಇಟ್ಟ ಹತ್ತು ಹನ್ನೆರಡು ದಿನಕ್ಕೆ ಮರಿ. ವರ್ಷವಿಡೀ ಬೆಳೆಯ ಮೇಲೆ ಬೆಳೆ. ಗೂಡು ಬಿಡಿಸಿದ ದಿನವೇ ಮಾರುಕಟ್ಟೆಗೆ ಹೊರಡಬೇಕು. ಜಪಾನಿನ ಹುಳ ಚಳಿಯ ಸೀಮೆಯದು. ಅದರ ಮೊಟ್ಟೆ ಚಳಿಗಾಲವಿಡೀ ನಿದ್ದೆಯಲ್ಲಿದ್ದು, ವಸಂತದಲ್ಲಿ ಹಿಪ್ಪುನೇರಳೆ ಚಿಗುರುವಾಗ ಒಡೆಯುತ್ತದೆ. ಹಾಗಾಗಿ ಆ ಕಾಲದಲ್ಲಿ ವರ್ಷದ ಮುಖ್ಯ ಬೆಳೆ ವಸಂತದ್ದೊಂದೇ. ಆ ಒಂದು ಬೆಳೆಯ ಗೂಡನ್ನೇ ಕೊಂಡು, ಬಿಸಿಗೆ ಒಡ್ಡಿ ಒಳಗಿನ ಕೋಶವನ್ನು ಸಾಯಿಸಿ, ಒಣಗಿಸಿ, ಮುಂದಿನ ವಸಂತದವರೆಗೆ ನೂಲು ಬಿಚ್ಚಬೇಕಿತ್ತು. ಮೇಲಂತಸ್ತಿನ ಸಾಲು ಕಿಟಕಿಗಳು ಗೂಡಿಗೆ ಗಾಳಿಯಾಡಲೆಂದೇ ಇರುವಂಥವು. ಇಂಥ ಎರಡು ಉಗ್ರಾಣಗಳ ನಡುವೆ 140 ಮೀಟರ್ ಉದ್ದದ ಬಿಚ್ಚಣಿಕೆಯ ಮನೆ. ಅದರಲ್ಲಿ 300 ಬಾಂಡಲೆಗಳು ಸಾಲಾಗಿದ್ದವು. ಆಗಿನ ಜಗತ್ತಿನ ದೊಡ್ಡ ಬಿಚ್ಚಣಿಕೆ ಕಾರ್ಖಾನೆಗಳಲ್ಲಿ ಇದೂ ಒಂದು.

ಇಷ್ಟು ದೊಡ್ಡದನ್ನು ಕಟ್ಟುವ ಅವಸರಕ್ಕೆ ಕಾರಣ ಯುರೋಪಿನಲ್ಲಿತ್ತು. 1850ರ ದಶಕದಿಂದ ಫ್ರಾನ್ಸ್, ಇಟಲಿಯ ಹುಳಗಳಿಗೆ ಪೆಬ್ರಿನ್ ತಗುಲಿ ಬೆಳೆಗೆ ಬೆಳೆಯೇ ನಾಶವಾಗುತ್ತಿತ್ತು. ನಮ್ಮ ರೈತರು ಗಂಟು ರೋಗ ಎಂದು ಹೆದರುವುದು ಇದಕ್ಕೇ. ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುವ ಈ ಕಾಯಿಲೆಯ ಗುಟ್ಟನ್ನು ಲೂಯಿ ಪಾಶ್ಚರ್ ಬಿಡಿಸಿಟ್ಟರು. 1859ರಲ್ಲಿ ಯೊಕೊಹಾಮಾ ಬಂದರು ತೆರೆದ ಮೇಲೆ ಜಪಾನಿನ ನೂಲಿಗೂ ಮೊಟ್ಟೆ ಹಾಳೆಗಳಿಗೂ ಯುರೋಪಿನ ವ್ಯಾಪಾರಿಗಳು ಮುಗಿಬಿದ್ದರು. ಬೇಡಿಕೆ ಏರಿದಂತೆ ನೂಲು ಕೆಟ್ಟಿತು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಕಟ್ಟಿನೊಳಗೆ ಕಳಪೆ ಮಾಲು. ಹೆಸರು ಹಾಳಾಗುವ ಮೊದಲು ಎಲ್ಲರಿಗೂ ತೋರಿಸಿ ಕಲಿಸುವ ಒಂದು ಮಾದರಿ ಕಾರ್ಖಾನೆ ಬೇಕೆಂದು ಸರ್ಕಾರ ನಿರ್ಧರಿಸಿತು. ಯೊಕೊಹಾಮಾದಲ್ಲಿ ನೂಲು ಪರೀಕ್ಷಿಸುತ್ತಿದ್ದ ಫ್ರೆಂಚ್ ತಜ್ಞ ಪೌಲ್ ಬ್ರೂನಾ ಅವರಿಗೆ ಹೊಣೆ ವಹಿಸಿತು. ಹಬೆಯ ಎಂಜಿನ್ ಬಂತು, ಲೋಹದ ಬಾಂಡಲೆಗಳು ಬಂದವು, ಕಲಿಸಲು ಫ್ರಾನ್ಸಿನಿಂದ ನಾಲ್ವರು ಹೆಂಗಸರೂ ಬಂದರು. ಕಲಿಯಲು ಮಾತ್ರ ಯಾರೂ ಬರಲಿಲ್ಲ.

ಫ್ರೆಂಚರು ಕುಡಿಯುವ ಕೆಂಪು ದ್ರಾಕ್ಷಾರಸವನ್ನು ಕಂಡ ಜನ ಅದು ರಕ್ತವೆಂದು ನಂಬಿದರು. ಹುಡುಗಿಯರನ್ನು ಕಳಿಸಿದರೆ ಅವರ ರಕ್ತ ಹೀರುತ್ತಾರೆ ಎಂಬ ಮಾತು ಹಬ್ಬಿತು. ಸರ್ಕಾರದ ಸುತ್ತೋಲೆಗೆ ಯಾವ ಅಪ್ಪನೂ ಮಗಳನ್ನು ಒಪ್ಪಿಸಲಿಲ್ಲ. ಆಗ ಕಾರ್ಖಾನೆಯ ಮೊದಲ ಮುಖ್ಯಸ್ಥ ಒದಾಕಾ ಅತ್ಸುತದಾ ತಮ್ಮ ಸ್ವಂತ ಮಗಳು ಯೂಳನ್ನು ಮೊದಲ ಕೆಲಸಗಾರ್ತಿಯಾಗಿ ಸೇರಿಸಿದರು. ಹದಿಮೂರು ಹದಿನಾಲ್ಕರ ಹುಡುಗಿ. ನಾಗಾನೊ ಸೀಮೆಯ ಮತ್ಸುಶಿರೊದಲ್ಲಿ ಯೊಕೊತಾ ಕಜುಮಾ ಎಂಬ ಸಮುರಾಯ್ ಮನೆತನದ ಅಧಿಕಾರಿಗೂ ಇದೇ ಸಂಕಟ. ಊರಿಂದ ಇಷ್ಟು ಹುಡುಗಿಯರನ್ನು ಕಳಿಸಬೇಕೆಂದು ಅಪ್ಪಣೆಯಾಗಿದೆ, ಯಾರೂ ಹೊರಡುತ್ತಿಲ್ಲ. ಅವರೂ ತಮ್ಮ ಮಗಳು ಎಯಿಯನ್ನೇ ಮುಂದೆ ಮಾಡಿದರು. ಅವಳು ಹೊರಟ ಮೇಲೆ ಊರಿನ ಇತರ ಹುಡುಗಿಯರೂ ಧೈರ್ಯ ಮಾಡಿದರು. 1873ರ ವಸಂತದಲ್ಲಿ ಅವರೆಲ್ಲ ಘಟ್ಟ ದಾಟಿ, ದಿನಗಟ್ಟಲೆ ನಡೆದು ತೊಮಿಯೊಕಕ್ಕೆ ಬಂದರು.

ನಮಗೆ ಇವತ್ತು ಆ ಕಾರ್ಖಾನೆಯ ಒಳಗಿನ ಬದುಕು ಗೊತ್ತಿರುವುದು ಬಹುಮಟ್ಟಿಗೆ ಈ ಎಯಿಯಿಂದ. ಮದುವೆಯಾಗಿ ವಾದಾ ಎಯಿ ಆದ ಆಕೆ, ಐವತ್ತರ ಹೊತ್ತಿಗೆ, 1907ರಲ್ಲಿ, ಹುಡುಗಿಯಾಗಿದ್ದಾಗಿನ ಆ ದಿನಗಳನ್ನು ನೆನೆದು ಬರೆದಿಟ್ಟರು. 'ತೊಮಿಯೊಕ ನಿಕ್ಕಿ', ಅಂದರೆ ತೊಮಿಯೊಕದ ದಿನಚರಿ, ಎಂದು ಅದು ಪ್ರಸಿದ್ಧ. ಮೊದಲು ಗೂಡು ಆರಿಸುವ ಕೆಲಸಕ್ಕೆ ಕೂರಿಸಿದ್ದು, ಆಮೇಲೆ ಬಂದ ಯಾಮಾಗುಚಿ ಪ್ರಾಂತ್ಯದ ಹುಡುಗಿಯರನ್ನು ನೇರವಾಗಿ ಬಾಂಡಲೆಯ ಮುಂದೆ ಕೂರಿಸಿದಾಗ ತಮಗಾದ ನೋವು, ಮೊದಲ ದರ್ಜೆಗೆ ಏರಬೇಕೆಂಬ ಹಟ, ಏರಿದಾಗಿನ ಹಿಗ್ಗು ಎಲ್ಲವೂ ಅದರಲ್ಲಿದೆ. ಮೊದಲ ದರ್ಜೆಯವರಿಗೆ ತಿಂಗಳಿಗೆ 1 ಯೆನ್ 75 ಸೆನ್ ಸಂಬಳ. ದಿನಕ್ಕೆ ಸುಮಾರು ಎಂಟು ಗಂಟೆ ಕೆಲಸ, ಭಾನುವಾರ ರಜೆ, ಇರಲು ವಸತಿ. ಮುಂದಿನ ದಶಕಗಳಲ್ಲಿ ಜಪಾನಿನ ಖಾಸಗಿ ನೂಲು ಕಾರ್ಖಾನೆಗಳ ಹುಡುಗಿಯರು ಕಂಡ ಕಷ್ಟದ ಪಕ್ಕದಲ್ಲಿಟ್ಟರೆ ಇದು ಎಷ್ಟೋ ಮೇಲು. 1874ರಲ್ಲಿ ಎಯಿ ಊರಿಗೆ ಮರಳಿ ಅಲ್ಲಿನ ಹೊಸ ಕಾರ್ಖಾನೆಯಲ್ಲಿ ಕಲಿಸಲು ನಿಂತರು. ತೊಮಿಯೊಕ ಕಟ್ಟಿದ್ದೇ ಇದಕ್ಕೆ. ಕಲಿತವರು ಊರೂರಿಗೆ ಹೋಗಬೇಕು, ಕೈಯಿಂದ ಕೈಗೆ ವಿದ್ಯೆ ದಾಟಬೇಕು.

ಎಲ್ಲರೂ ಮರಳಲಿಲ್ಲ. ಕಾರ್ಖಾನೆಯಿಂದ ಸ್ವಲ್ಪ ದೂರದಲ್ಲಿ ರ್ಯೂಕೋಜಿ ಎಂಬ ಬೌದ್ಧ ದೇವಾಲಯವಿದೆ. ಅದರ ಅಂಗಳದಲ್ಲಿ, ದೂರದ ಸೀಮೆಗಳಿಂದ ಬಂದು ಕಾಯಿಲೆಯಿಂದ ಇಲ್ಲೇ ತೀರಿಕೊಂಡ ಹುಡುಗಿಯರ ಸಮಾಧಿಗಳಿವೆ. ಪ್ರವಾಸಿಗರು ಅಲ್ಲಿಗೆ ಅಷ್ಟಾಗಿ ಹೋಗುವುದಿಲ್ಲ. ಹೋಗಬೇಕು. ಅಪ್ಪಂದಿರ ಧೈರ್ಯದ ಕತೆಯನ್ನು ಕಾರ್ಖಾನೆಯ ಫಲಕಗಳು ಹೇಳುತ್ತವೆ, ಆ ಧೈರ್ಯಕ್ಕೆ ಯಾರು ಬೆಲೆ ಕೊಟ್ಟರು ಎಂಬುದನ್ನು ಈ ಕಲ್ಲುಗಳು ಹೇಳುತ್ತವೆ. ನನ್ನ ಮಗಳು ಜಪಾನಿ ಅಕ್ಷರಗಳನ್ನು ಕೂಡಿಸಿ ಓದುತ್ತ, ಸತ್ತವರ ವಯಸ್ಸು ಅಜ್ಜಿಗೆ ಹೇಳುತ್ತಿದ್ದಳು. ಅವ್ವ ಚಪ್ಪಲಿ ಬಿಟ್ಟು ಕೈ ಮುಗಿದಳು.

ಇನ್ನು ನಂಟಿನ ಮಾತು. ಒದಾಕಾ ಅವರ ತಂಗಿ ಚಿಯೊಳನ್ನು ಮದುವೆಯಾದವರು ಶಿಬುಸಾವಾ ಎಯಿಚಿ. ಒದಾಕಾಗೆ ಹತ್ತಿರದ ಸಂಬಂಧಿ, ಶಿಷ್ಯ ಕೂಡ. 1840ರಲ್ಲಿ ಫುಕಾಯಾದ ಹಳ್ಳಿಯಲ್ಲಿ, ನೀಲಿ ಬಣ್ಣ ಮಾಡುವ, ರೇಷ್ಮೆ ಹುಳ ಸಾಕುವ ರೈತರ ಮನೆಯಲ್ಲಿ ಹುಟ್ಟಿದವರು. ಹೊಸ ಸರ್ಕಾರದಲ್ಲಿ ಅಧಿಕಾರಿಯಾಗಿದ್ದಾಗ ತೊಮಿಯೊಕ ಕಾರ್ಖಾನೆ ಕಟ್ಟುವ ಕೆಲಸಕ್ಕೆ ಒತ್ತಾಸೆಯಾಗಿ ನಿಂತರು. ಹುಳ ಮೇಯಿಸಿದ ಅನುಭವವಿದ್ದ ಅಧಿಕಾರಿ ಸರ್ಕಾರದಲ್ಲಿ ಬೇರೆ ಇರಲಿಲ್ಲವೆಂದೇ ಹೇಳುತ್ತಾರೆ. ಬ್ಯಾಂಕು, ಕಂಪನಿಗಳನ್ನು ನೂರಾರು ಸಂಖ್ಯೆಯಲ್ಲಿ ಕಟ್ಟಲು ನೆರವಾದ ಅವರ ಮುಖ 2024ರ ಜುಲೈಯಿಂದ ಹತ್ತು ಸಾವಿರ ಯೆನ್ ನೋಟಿನ ಮೇಲಿದೆ.

1893ರಲ್ಲಿ ಜಪಾನಿಗೆ ಬಂದ ಜಮ್‌ಶೆಟ್‌ಜಿ ಟಾಟಾ ಭೇಟಿಯಾದದ್ದು ಇದೇ ಶಿಬುಸಾವಾ ಅವರನ್ನು. ಮುಂಬಯಿಯ ಹತ್ತಿಯನ್ನು ಕಡಿಮೆ ಬಾಡಿಗೆಗೆ ಜಪಾನಿಗೆ ಸಾಗಿಸುವ ಹಡಗಿನ ಮಾತು ನಡೆದು, ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಂಬಯಿ ಮತ್ತು ಕೋಬೆ ನಡುವೆ ನಿಪ್ಪೊನ್ ಯೂಸೆನ್ ಕಂಪನಿಯ ಹಡಗು ಶುರುವಾಯಿತು. ಟಾಟಾ ಅದೇ ಪ್ರವಾಸದಲ್ಲಿ ಯೊಕೊಹಾಮಾದಿಂದ ಮುಂದಕ್ಕೆ ಹೊರಟ ಹಡಗಿನಲ್ಲಿ ಸ್ವಾಮಿ ವಿವೇಕಾನಂದರ ಜೊತೆಯಾದದ್ದನ್ನು ನಾವೆಲ್ಲ ಓದಿದ್ದೇವೆ. ಜಪಾನಿನ ರೇಷ್ಮೆಯನ್ನು ಕಂಡು ಅವರು ಊರಿಗೆ ಒಯ್ದ ಇನ್ನೊಂದು ಯೋಚನೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ಬೇರೂರಿ, ಆಮೇಲೆ ರೋಗದಿಂದ ಸೊರಗಿದ್ದ ಮೈಸೂರು ಸೀಮೆಯ ರೇಷ್ಮೆಗೆ ಜಪಾನಿ ಪದ್ಧತಿ ಕಲಿಸಬೇಕೆಂದು ಅವರಿಗೆ ಅನಿಸಿತು. ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಮೈಸೂರು ಸರ್ಕಾರ ಕೊಟ್ಟ ಜಮೀನು ಮತ್ತು ಹಣದ ನೆರವಿನಿಂದ, ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮು ಎದ್ದಿತು. ಅದನ್ನು ನಡೆಸಲು ಬಂದವರು ಓಡ್ಜು ಎಂಬ ಜಪಾನಿ ದಂಪತಿ. ಹುಳ ಸಾಕುವುದು, ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲದ ಮೊಟ್ಟೆ ಆರಿಸುವುದು, ನೂಲು ಬಿಚ್ಚುವುದು, ಇವೆಲ್ಲವನ್ನೂ ಹುಡುಗರಿಗೆ ಕಲಿಸಿದರು. 1910ರಲ್ಲಿ ಫಾರ್ಮು ಸಾಲ್ವೇಶನ್ ಆರ್ಮಿಯ ಕೈಗೆ ಹೋಯಿತು. ಈಗ ಅದು ಬಸವನಗುಡಿಯ ಪಕ್ಕದಲ್ಲಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರಾಗಿ ಮಾತ್ರ ಉಳಿದಿದೆ. ಆ ಹೆಸರಿನ ಬಸ್ ನಿಲ್ದಾಣದಲ್ಲಿ ನಿಂತವರು ಎಷ್ಟೋ ಸಾವಿರ ಜನ. ಆ ದಂಪತಿ ಯಾರು, ಎಲ್ಲಿ ವಾಸವಿದ್ದರು, ಇಲ್ಲಿನ ಸೊಪ್ಪು, ಇಲ್ಲಿನ ಬಿಸಿಲು ಅವರಿಗೆ ಹೇಗೆ ಕಂಡಿತು ಎಂದು ಹೇಳುವ ಒಂದು ಫಲಕವಾದರೂ ಅಲ್ಲಿರಬೇಕಿತ್ತು.

ಜನರ ನಂಟಿಗಿಂತ ಆಳವಾದದ್ದು ಹುಳದ ನಂಟು. ಮೈಸೂರು ತಳಿ ಬಿಸಿಲು ತಾಳುತ್ತದೆ, ರೋಗ ತಡೆಯುತ್ತದೆ, ಆದರೆ ಒಂದು ಗೂಡಿನಿಂದ ಸುಮಾರು 400 ಮೀಟರ್ ಎಳೆಯಷ್ಟೇ ಸಿಗುತ್ತದೆ. ಜಪಾನಿನ ಬಿಳಿ ಗೂಡಿನ ಎಳೆ ಸಾವಿರ ಮೀಟರ್ ದಾಟುತ್ತದೆ, ಹುಳ ಮಾತ್ರ ಸೂಕ್ಷ್ಮ. ಎರಡು ತಳಿ ಕೂಡಿಸಿದ ಮೊದಲ ಪೀಳಿಗೆಯ ಹುಳ ತಾಯಿ ತಂದೆ ಇಬ್ಬರಿಗಿಂತ ಗಟ್ಟಿ ಎಂದು ತೋರಿಸಿ, ಅದನ್ನೇ ರೈತರಿಗೆ ಕೊಡಬೇಕೆಂದು 1906ರಲ್ಲಿ ಸೂಚಿಸಿದವರು ಜಪಾನಿನ ತೊಯಾಮಾ ಕಮೆತಾರೊ. ಆ ದಾರಿಯಲ್ಲೇ ಮೈಸೂರು ಸೀಮೆಯಲ್ಲಿ ಶುದ್ಧ ಮೈಸೂರು ತಳಿಗೆ ಜಪಾನ್ ಮೂಲದ ಸಿ. ನಿಚಿ ತಳಿಯನ್ನು ಕೂಡಿಸಿದ ಮಿಶ್ರತಳಿ ದಶಕಗಳ ಕಾಲ ಮನೆಮನೆಯ ಹುಳವಾಯಿತು. 1991ರಿಂದ 2007ರವರೆಗೆ ಜಪಾನಿನ ಜೈಕಾ ಸಂಸ್ಥೆಯ ತಜ್ಞರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಜೊತೆ ಮೂರು ಹಂತಗಳಲ್ಲಿ ದುಡಿದರು. ಇವತ್ತು ನಮ್ಮ ರೈತರು ಸಿಎಸ್‌ಆರ್ ಎಂದು ಕರೆಯುವ, ವರ್ಷಕ್ಕೆ ಎರಡು ಪೀಳಿಗೆಯ ಬೈವೋಲ್ಟೀನ್ ತಳಿಗಳು ಹೊರಬಂದದ್ದು ಆ ಕಾಲದಲ್ಲಿ. ಎಲೆ ಬಿಡಿಸಿ ಹಾಕುವ ಬದಲು ರೆಂಬೆ ಸಮೇತ ಸೊಪ್ಪು ಕೊಡುವುದು, ಪ್ರತಿ ಬೆಳೆಗೂ ಮನೆಯನ್ನು ಔಷಧಿ ಹಾಕಿ ತೊಳೆಯುವುದು, ವಾಸದ ಮನೆಯಿಂದ ದೂರ ಹುಳಕ್ಕೇ ಬೇರೆ ಮನೆ ಕಟ್ಟುವುದು ಹಳ್ಳಿಗಳಲ್ಲಿ ಬೇರೂರಿದ್ದೂ ಆಗಲೇ. ಇದನ್ನೆಲ್ಲ ಅವ್ವನಿಗೆ ವಿವರಿಸಹೊರಟರೆ ಅವಳು ಒಂದೇ ಮಾತಲ್ಲಿ ಮುಗಿಸಿದಳು: "ಹುಳದ ಮನೆ ಬೇರೆ ಆದ ಮೇಲೇ ಕಣವ್ವ ನಾವು ಕಾಲು ನೀಡಿ ಮಲಗಿದ್ದು."

ಕಾರ್ಖಾನೆಯ ಒಂದು ಮೂಲೆಯಲ್ಲಿ ಜೀವಂತ ಹುಳಗಳನ್ನು ತೋರಿಸಲು ಇಟ್ಟಿದ್ದಾರೆ. ಶಾಲೆಯ ಮಕ್ಕಳು ಮುತ್ತಿಕೊಂಡಿದ್ದರು. ಅವ್ವ ಸಂದಿಯಲ್ಲಿ ತೂರಿ ಹೋಗಿ ನೋಡಿ, "ನಾಲ್ಕನೇ ಜ್ವರದಿಂದ ಈಗ ಎದ್ದೈತೆ. ಇನ್ನು ಸೊಪ್ಪು ಸಾಲಾಕಿಲ್ಲ" ಎಂದಳು. ಅಲ್ಲಿದ್ದ ಹಿರಿಯ ಮಾರ್ಗದರ್ಶಿಗೆ ಮಗಳು ಅದನ್ನು ಜಪಾನಿಯಲ್ಲಿ ಹೇಳಿದಾಗ ಅವರ ಮುಖ ಅರಳಿತು. ಅವರ ತಾಯಿಯೂ ಮನೆಯಲ್ಲಿ ಹುಳ ಸಾಕಿದವರಂತೆ. ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆಯೆತ್ತಿ ಸುಮ್ಮನಾಗುವ ಹೊತ್ತನ್ನು ನಮ್ಮವರು ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ಕಳೆದು ಎದ್ದ ಹುಳ ತನ್ನ ಇಡೀ ಬದುಕಿನ ಮೇವಿನಲ್ಲಿ ಶೇ 80ಕ್ಕೂ ಹೆಚ್ಚನ್ನು ಮುಂದಿನ ಏಳೆಂಟು ದಿನದಲ್ಲಿ ತಿನ್ನುತ್ತದೆ. ಆ ದಿನಗಳಲ್ಲಿ ಮನೆಯ ಹೆಂಗಸರಿಗೆ ನಿದ್ದೆಯಿಲ್ಲ. ಗುನ್ಮಾದಲ್ಲೂ ಹಾಗೆಯೇ ಇತ್ತು. ಹುಳ ಸಾಕಿ, ನೂಲು ಬಿಚ್ಚಿ, ಬಟ್ಟೆ ನೇಯ್ದು ಮನೆಗೆ ದುಡ್ಡು ತಂದವರು ಹೆಂಗಸರು. ಈ ಪ್ರಾಂತ್ಯದ ಗಂಡಸರು ತಮ್ಮ ಹೆಂಡತಿಯರ ದುಡಿಮೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಹಳೆಯ ರೂಢಿ. ಆ ಹೆಂಗಸರ ರೇಷ್ಮೆಯ ಕತೆಯನ್ನು ಜಪಾನ್ ಸರ್ಕಾರ 2015ರಲ್ಲಿ ದೇಶದ ಪರಂಪರೆಯೆಂದು ಗುರುತಿಸಿತು. ಮಾರ್ಗದರ್ಶಿ ಮತ್ತು ಅವ್ವ ಬಹಳ ಹೊತ್ತು ಮಾತಾಡಿದರು. ನನ್ನ ಮಗಳು ನಡುವೆ ನಿಂತು ಅನುವಾದಿಸಿ ಸುಸ್ತಾದಳು. ಅವರಿಬ್ಬರಿಗೆ ಆಮೇಲೆ ಅವಳು ಬೇಕಾಗಲೂ ಇಲ್ಲ, ಬೆರಳಲ್ಲೇ ತೋರಿಸಿಕೊಂಡರು. ರಟ್ಟಿನ ಪುಟ್ಟ ಚೌಕಗಳ ಚೌಕಟ್ಟನ್ನು ಆತ ತಿರುಗಿಸಿ ತೋರಿಸಿದರು. ಹಣ್ಣಾದ ಹುಳ ಮೇಲಕ್ಕೇ ಹತ್ತುವುದರಿಂದ ಮೇಲ್ಭಾಗ ಭಾರವಾಗಿ ಚೌಕಟ್ಟು ತಾನೇ ತಿರುಗುತ್ತದೆ, ಒಂದೊಂದು ಚೌಕದಲ್ಲಿ ಒಂದೊಂದು ಹುಳ ಗೂಡು ಕಟ್ಟುತ್ತದೆ. ನಮ್ಮ ಬಿದಿರಿನ ಚಂದ್ರಂಕಿಯಲ್ಲಿ ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿ ನೂಲು ಹಾಳಾಗುವುದಿದೆ. ಇದರಲ್ಲಿ ಆ ಕಾಟ ಕಡಿಮೆ.

ಆದರೆ ಈ ಹೊಸ ಪದ್ಧತಿಗಳು ಹುಟ್ಟಿದ ಜಪಾನಿನಲ್ಲಿ ಹುಳ ಸಾಕುವವರೇ ಮುಗಿಯುತ್ತಿದ್ದಾರೆ. 1929ರಲ್ಲಿ 22 ಲಕ್ಷ ರೈತ ಕುಟುಂಬಗಳು ಹುಳ ಸಾಕುತ್ತಿದ್ದವು. ಇವತ್ತು ಇಡೀ ದೇಶದಲ್ಲಿ ಆ ಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ. ಅಮೆರಿಕದ ಕಾಲುಚೀಲದ ಮಾರುಕಟ್ಟೆಯನ್ನು ನೈಲಾನ್ ಕಿತ್ತುಕೊಂಡಿತು. ಯುದ್ಧದಲ್ಲಿ ಹಿಪ್ಪುನೇರಳೆ ಕಿತ್ತು ಆಹಾರ ಬೆಳೆದರು. ಆಮೇಲೆ ಕಿಮೋನೊ ಉಡುವವರು ಕಡಿಮೆಯಾದರು, ಚೀನಾದ ನೂಲು ಅಗ್ಗಕ್ಕೆ ಬಂತು. ಸರ್ಕಾರ 1893ರಲ್ಲಿ ಮಿತ್ಸುಯಿಗೆ ಮಾರಿದ್ದ ತೊಮಿಯೊಕ ಕಾರ್ಖಾನೆ, ಕೈಯಿಂದ ಕೈಗೆ ದಾಟಿ ಕೊನೆಗೆ ಕತಾಕುರಾ ಕಂಪನಿಯ ಬಳಿ ಇದ್ದಾಗ, 1987ರಲ್ಲಿ ನಿಂತಿತು. ನಿಂತ ಮೇಲೆ ಕತಾಕುರಾ ಮಾಡಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು ನಿಶ್ಚಯಿಸಿ, ಆದಾಯವಿಲ್ಲದ ಆ ಕಟ್ಟಡಗಳನ್ನು ಸ್ವಂತ ಖರ್ಚಿನಲ್ಲಿ ಹದಿನೆಂಟು ವರ್ಷ ಕಾಪಾಡಿ, 2005ರಲ್ಲಿ ಊರಿಗೆ ಒಪ್ಪಿಸಿತು.

ನಮ್ಮಲ್ಲಿ ಇದರ ತಿರುವುಮುರುವು. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ಇವತ್ತಿಗೂ ಕರ್ನಾಟಕ. 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಇನ್ನೂ ಸೀರೆ ನೇಯುತ್ತಿದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಹುಳವಿದೆ, ಕೈಯಿದೆ, ಬರವಣಿಗೆಯಿಲ್ಲ. ರಾಮನಗರ, ಶಿಡ್ಲಘಟ್ಟದ ಬಿಚ್ಚಣಿಕೆಯ ಮನೆಗಳಲ್ಲಿ ಕುದಿವ ನೀರಿಗೆ ಬೆರಳಿಟ್ಟು ಎಳೆ ಹುಡುಕಿದ ಹೆಂಗಸರಲ್ಲಿ ಹೆಚ್ಚಿನವರು ಬಡ ಮುಸ್ಲಿಂ ಮನೆಗಳವರು. ಸೊಪ್ಪು ಕೊಯ್ದು ಹುಳ ಮೇಯಿಸಿದವರು ಸುತ್ತಲಿನ ಹಳ್ಳಿಗಳ ರೈತ ಹೆಂಗಸರು. ಅವರಲ್ಲಿ ಒಬ್ಬರ 'ನಿಕ್ಕಿ'ಯೂ ನಮ್ಮ ಕೈಯಲ್ಲಿಲ್ಲ. ಎಯಿ ಬರೆದದ್ದು ಕಾರ್ಖಾನೆ ಬಿಟ್ಟು ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ. ನಮ್ಮ ಅವ್ವಂದಿರಿಗೂ ನೆನಪು ಇನ್ನೂ ಗಟ್ಟಿಯಾಗಿದೆ. ಅಕ್ಷರ ಬಾರದಿದ್ದರೇನು, ಕೇಳಿ ಬರೆದುಕೊಳ್ಳಲು ಮನೆಮನೆಯಲ್ಲೂ ಓದಿದ ಮಕ್ಕಳಿದ್ದಾರೆ, ಕೈಯಲ್ಲಿ ಫೋನಿದೆ.

ಸಂಜೆ ಜೋಶಿನ್ ರೈಲಿನಲ್ಲಿ ಮಗಳು ಫೋನನ್ನು ಅಜ್ಜಿಯ ಮುಂದೆ ಹಿಡಿದಳು. ಎಲ್ಲಿಂದ ಹೇಳಲಿ ಎಂದು ಅವ್ವ ಕೇಳಿದಳು. ಮೊಟ್ಟೆಯಿಂದ, ಎಂದಳು ಮಗಳು. ಮೊಟ್ಟೆ ಹಾಳೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದುದು, ಮರಿಗೆ ಎಳೆ ಸೊಪ್ಪನ್ನು ಎಳೆಎಳೆಯಾಗಿ ಹೆಚ್ಚುತ್ತಿದ್ದುದು, ಮುಟ್ಟಾದವರನ್ನು ಒಳಗೆ ಬಿಡದ ಅತ್ತೆಯೊಡನೆ, ಸೊಪ್ಪು ಹಾಕುವವರು ಯಾರು ಹಾಗಾದರೆ ಎಂದು ಆದ ಜಗಳ, ಸುಣ್ಣಕಟ್ಟು ರೋಗ ಬಂದು ಇಡೀ ಬೆಳೆಯನ್ನು ಗುಂಡಿಗೆ ಸುರಿದ ವರ್ಷ. ತಕಾಸಾಕಿ ಬಂದಾಗ ಹುಳ ಇನ್ನೂ ಎರಡನೇ ಜ್ವರದಲ್ಲಿತ್ತು. ಟೋಕಿಯೊ ಮುಟ್ಟುವ ಹೊತ್ತಿಗೆ ಹಣ್ಣಾಯಿತು. ಹಣ್ಣಾದ ರಾತ್ರಿ ಕೇರಿಯ ಹೆಂಗಸರೆಲ್ಲ ಲಾಟೀನು ಹಿಡಿದು ಬಂದು ಹುಳ ಆಯ್ದು ಚಂದ್ರಂಕಿಗೆ ಬಿಟ್ಟದ್ದನ್ನು ಅವ್ವ ಮರುದಿನ ನಿಶಿಕಸಾಯ್‌ನ ಅಡುಗೆಮನೆಯಲ್ಲಿ, ಹಿಟ್ಟು ತೊಳಸುತ್ತ, ಹೇಳಿ ಮುಗಿಸಿದಳು.